ಇರುಳಿನ ಬಿಸುಪು, ಬೆಳಗಿನ ಪಯಣ

ದೇಶ ನೋಡಲು ಹೊರಟವರು ದೇಗುಲಗಳ ಶಿಲ್ಪವನ್ನೂ ಶಾಸನಗಳನ್ನೂ ಕಂಡು ಬಂದು ಅವುಗಳ ವಿಚಾರ ಬರೆಯುವುದು ವಾಡಿಕೆ. ತಮ್ಮನ್ನು ಅಲ್ಲಿಗೆ ತಲುಪಿಸಿದ ಗಾಡಿಯ ವಿಷಯವನ್ನಾಗಲಿ, ಅದನ್ನು ನಡೆಸಿದ ಮನುಷ್ಯನ ವಿಷಯವನ್ನಾಗಲಿ ಬರೆಯುವವರು ವಿರಳ. ನಾನೂ ಇದಕ್ಕೆ ಹೊರತಾದವನಲ್ಲ. ಆದರೆ ಕಳೆದ ಮಾರ್ಗಶಿರ ಮಾಸದಲ್ಲಿ ಅರಸೀಕೆರೆಯಿಂದ ಹಳೇಬೀಡು, ಬೇಲೂರುಗಳಿಗೆ ಮಾಡಿದ ಎರಡು ದಿನಗಳ ಪ್ರವಾಸದಲ್ಲಿ ಕಲ್ಲಿನ ಜೊತೆಗೆ ಕಬ್ಬಿಣವೂ ನನಗೆ ಒಂದು ಪಾಠ ಹೇಳಿತು. ಅದು ಮನೆಮನೆಗೂ ತಿಳಿದಿರಬೇಕಾದ ಪಾಠವೆಂದು ತೋರಿದ್ದರಿಂದ ವಾಚಕರ ಮುಂದೆ ನಿವೇದಿಸುತ್ತಿದ್ದೇನೆ.

ಅರಸಿಯ ಕೆರೆಯೇ ಅರಸೀಕೆರೆಯಾಯಿತೆಂಬುದು ಹೆಸರಿನಿಂದಲೇ ವೇದ್ಯವಾಗುತ್ತದೆ. ಇಲ್ಲಿಯ ಶಿವಾಲಯ ಕ್ರಿ.ಶ. 1220ರ ಹೊಯ್ಸಳ ನಿರ್ಮಿತಿ. ನಕ್ಷತ್ರಾಕಾರದ ಅದರ ಮಂಟಪದ ಕೆಳಗೆ ನಿಂತು ತಲೆಯೆತ್ತಿ ನೋಡಿದವರಿಗೆ ಕಲ್ಲು ಭಾರವಾದ ವಸ್ತುವೆಂಬುದೇ ಮರೆತುಹೋಗುತ್ತದೆ. ಆದರೆ ಇಂದಿನ ಅರಸೀಕೆರೆಯನ್ನು ಸಾಕುತ್ತಿರುವುದು ರೈಲು ಜಂಕ್ಷನ್ನು ಮತ್ತು ತೆಂಗು. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹರಡಿ, ಸುಮಾರು ಒಂದು ವರ್ಷ ಕಾದರೆ ಒಳಗಿನ ನೀರು ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರು ಅರಸೀಕೆರೆ ಸೀಮೆಯ ಈ ಕೊಬ್ಬರಿ ಉತ್ತರ ಭಾರತದ ಮದುವೆ, ಹಬ್ಬಗಳಿಗೆ ಲಾರಿಗಳಲ್ಲಿ ಹೋಗುತ್ತದೆ. ಮಂಡಿಯಲ್ಲಿ ಹರಾಜು ಮುಗಿದು, ಹಮಾಲರು ಚೀಲ ಹೇರಿ, ಟಾರ್ಪಾಲು ಬಿಗಿದ ಮೇಲೆ ಆ ಲಾರಿ ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ ಸವೆಸಿ ದೆಹಲಿಯ ಕಡೆ ಮುಟ್ಟಬೇಕು. ಇಲ್ಲಿ ಹೊರಡುವಾಗ ಅಂಗಿಯ ಮೇಲೊಂದು ಟವಲು ಸಾಕಾದರೆ, ಪುಷ್ಯ ಮಾಘಗಳಲ್ಲಿ ಅಲ್ಲಿ ಎರಡು ರಜಾಯಿ ಹೊದ್ದರೂ ಸಾಲದು.

ನಾನು ಇಳಿದುಕೊಂಡಿದ್ದುದು ಕೊಬ್ಬರಿ ವ್ಯಾಪಾರದ ಒಂದು ಮನೆತನದಲ್ಲಿ. ಬೆಳಗಿನ ಐದೂವರೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಮನೆಯವರ ಹಳೆಯ ಡೀಸೆಲ್ ಜೀಪು ಅಂಗಳದಲ್ಲಿ ಮಂಜು ಕುಡಿದು ನಿಂತಿತ್ತು. ನಡೆಸಲು ಬಂದವರು ಬಾಣಾವರದ ಬಳಿಯ ಹಳ್ಳಿಯೊಂದರ ಹಿರಿಯರು. ಸೈನ್ಯದ ಸರಕು ಸಾಗಣೆ ವಿಭಾಗದಲ್ಲಿ ಲಾರಿ ನಡೆಸಿ ನಿವೃತ್ತರಾಗಿ, ಆಮೇಲೆ ಬಹುಕಾಲ ಕೊಬ್ಬರಿ ಲಾರಿಯಲ್ಲಿ ದುಡಿದವರು. ಊರವರೆಲ್ಲ ಅವರನ್ನು ಕರೆಯುವುದು ‘ಮಿಲ್ಟ್ರಿಯಣ್ಣ’ ಎಂದೇ.

ಅವರು ಒಮ್ಮೆ ಸೆಲ್ಫ್ ತಿರುಗಿಸಿದರು. ಎಂಜಿನ್ನು ಉಗ್ಗಿ ಸುಮ್ಮನಾಯಿತು. ಮತ್ತೆ ತಿರುಗಿಸುತ್ತಾರೆಂದು ನಾನು ಕಾದೆ, ಅವರು ಕೆಳಗಿಳಿದರು.

“ಸುಮ್ಮನೆ ಸೆಲ್ಫ್ ಹೊಡೆದರೆ ಬ್ಯಾಟರಿ ಕೂತುಬಿಡ್ತದೆ, ಬುದ್ಧಿ. ಒಂದು ಹೀಟರ್ ಪ್ಲಗ್ ಕೈಕೊಟ್ಟಿದೆ. ಬಚ್ಚಲಿನಿಂದ ಒಂದು ಬಿಂದಿಗೆ ಬಿಸಿನೀರು ಸಿಕ್ಕಿದರೆ ಆಯಿತು. ಕುದಿಯೋ ನೀರು ಬೇಡ, ಕೈ ತಾಳೋ ಹಾಗಿರಲಿ. ತಣ್ಣಗಿನ ಕಬ್ಬಿಣಕ್ಕೆ ಕುದಿನೀರು ಬಿದ್ದರೆ ಬಿರುಕು ಬಿಟ್ಟೀತು.”

ಹಿಂದಿನ ರಾತ್ರಿ ಬೂದಿ ಮುಚ್ಚಿದ್ದ ಕೆಂಡದ ಮೇಲೆ ಹಂಡೆಯ ನೀರು ಇನ್ನೂ ಬೆಚ್ಚಗಿತ್ತು. ರೇಡಿಯೇಟರಿನ ತಣ್ಣೀರನ್ನು ಇಳಿಸಿ, ಬಿಸಿನೀರನ್ನು ನಿಧಾನವಾಗಿ ಹೊಯ್ದು, ಹತ್ತು ನಿಮಿಷ ಬಿಟ್ಟು ಸೆಲ್ಫ್ ತಿರುಗಿಸಿದೊಡನೆ ಜೀಪು ಬಿಳಿ ಹೊಗೆಯುಗುಳಿ ಎದ್ದಿತು. ಅದೇ ಹಂಡೆಯ ಪಕ್ಕದಲ್ಲಿ ಮನೆಯ ಅಜ್ಜಿ ಕೊಬ್ಬರಿ ಎಣ್ಣೆಯ ಸೀಸೆಯನ್ನು ಕರಗಲೆಂದು ಇಟ್ಟಿದ್ದರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಉಷ್ಣಕ್ಕಿಂತ ಕೆಳಗೆ ಗಟ್ಟಿಯಾಗುತ್ತದೆ. ಆದ್ದರಿಂದ ಚಳಿಗಾಲದ ಬೆಳಗು ನಮ್ಮ ಮನೆಗಳಲ್ಲಿ ಅದು ಬೆಣ್ಣೆಯಂತೆ ಕೂತಿರುವುದು ಸಹಜ.

ಆ ಮನೆಯ ಮಗಳು ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿ ಸಂಸಾರ ಹೂಡಿದಾಕೆ, ರಜೆಗೆಂದು ತವರಿಗೆ ಬಂದಿದ್ದಳು. ಇದೆಲ್ಲವನ್ನೂ ನೋಡಿ ನಕ್ಕು, “ಅಯ್ಯನವರೇ, ಅಜ್ಜಿ ಎಣ್ಣೆ ಸೀಸೆಗೆ ಮಾಡುವ ಉಪಚಾರವನ್ನು ನಾವು ಅಲ್ಲಿ ಕಾರಿಗೆ ದಿನವೂ ಮಾಡುತ್ತೇವೆ. ಅಲ್ಲಿಯ ಕಾರುಗಳಿಗೆ ಮುಂದುಗಡೆ ಒಂದು ಬಾಲ ಇರುತ್ತದೆ!” ಎಂದಳು.

ಬಾಲವೆಂದರೆ ವಿದ್ಯುತ್ತಿನ ತಂತಿ. ಆಕೆ ವಿವರಿಸಿದುದರ ಸಾರವಿಷ್ಟು: ಎಂಜಿನ್ನಿನ ಸಿಲಿಂಡರುಗಳನ್ನು ಒಳಗೊಂಡ ಕಬ್ಬಿಣದ ಗಟ್ಟಿಗೆ ಬ್ಲಾಕ್ ಎಂದು ಹೆಸರು. ಸಿಲಿಂಡರುಗಳ ಸುತ್ತ ತಂಪುನೀರು ಹರಿಯುವ ಟೊಳ್ಳು ದಾರಿಗಳಿರುತ್ತವೆ. ಬ್ಲಾಕಿನ ಪಕ್ಕದ ಒಂದು ಬಿರಡೆಯನ್ನು ತೆಗೆದು, ಆ ತೂತಿನಲ್ಲಿ ನೀರು ಕಾಯಿಸುವ ಸುರುಳಿಯಂಥ ಒಂದು ಸಾಧನವನ್ನು ಕೂರಿಸುತ್ತಾರೆ. ಇದೇ ಬ್ಲಾಕ್ ಹೀಟರ್. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಅದರ ತಂತಿಯನ್ನು ಗೋಡೆಯ ವಿದ್ಯುತ್ ತೂತಿಗೆ ಸಿಕ್ಕಿಸಿದರೆ, ಬ್ಲಾಕಿನೊಳಗಿನ ದ್ರವ ಕಾದು ಮೇಲೇರಿ, ತಣ್ಣಗಿನದು ಕೆಳಗಿಳಿದು, ಇಡೀ ಕಬ್ಬಿಣ ಮೆಲ್ಲಮೆಲ್ಲನೆ ಬೆಚ್ಚಗಾಗುತ್ತದೆ. ಕಾರಿಗೆ ಸುಮಾರು 400 ವ್ಯಾಟ್, ಲಾರಿಗೆ 1000ದಿಂದ 1500 ವ್ಯಾಟ್ ಬೇಕು. ಎಂದರೆ ಒಂದು ಇಸ್ತ್ರಿ ಪೆಟ್ಟಿಗೆಯಷ್ಟು ಅಥವಾ ತುಸು ಹೆಚ್ಚು. ರಾತ್ರಿಯಿಡೀ ಉರಿಸಬೇಕಾಗಿಲ್ಲ, ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮುಂಚೆ ತಾನಾಗಿ ಹೊತ್ತಿಕೊಳ್ಳುವಂತೆ ಗಡಿಯಾರದ ಗುಂಡಿಯೊಂದನ್ನು ಇಟ್ಟರಾಯಿತು. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ಆ ನಗರದಲ್ಲಿ ಕಚೇರಿಗಳ ಮುಂದೆ ಕಾರು ನಿಲ್ಲಿಸುವ ತಾಣಗಳಲ್ಲೂ ಇಂಥ ವಿದ್ಯುತ್ ಕಂಬಗಳುಂಟಂತೆ. ಈಗ ಬಂದಿರುವ ವಿದ್ಯುತ್ ಕಾರುಗಳಿಗೂ ಇದು ತಪ್ಪಿದ್ದಲ್ಲ. ಹೊರಡುವ ಮೊದಲು ಅವುಗಳ ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳಬೇಕು.

ಈ ಸಾಧನದ ಹಿಂದಿನ ಕಥೆಯೂ ಹಿತವಾದುದು. ಅಮೆರಿಕದ ಉತ್ತರ ಡಕೋಟಾ ರಾಜ್ಯದಲ್ಲಿ ವಿದ್ಯುತ್ ಸಹಕಾರ ಸಂಘವೊಂದರ ವ್ಯವಸ್ಥಾಪಕರಾಗಿದ್ದ ಆಂಡ್ರೂ ಫ್ರೀಮನ್ ಎಂಬವರು ಚಳಿಯಲ್ಲಿ ಏಳದ ತಮ್ಮ ಕಾರಿನೊಡನೆ ಹೆಣಗಿ, ತಾಮ್ರದ ಕೊಳವೆಯ ತುಂಡಿಗೆ ಹಳೆಯ ಇಸ್ತ್ರಿ ಪೆಟ್ಟಿಗೆಯ ಕಾಯುವ ತಂತಿಯನ್ನು ಸೇರಿಸಿ ಮೊದಲ ಹೀಟರನ್ನು ಮಾಡಿಕೊಂಡರು. 1949ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಬಡವರ ಬಚ್ಚಲಿನ ಹಂಡೆಗೂ ಆ ದೂರದೇಶದ ಸಾಧನಕ್ಕೂ ತತ್ತ್ವದಲ್ಲಿ ಭೇದವಿಲ್ಲವೆಂದು ನನಗೆ ಆಗಲೇ ಹೊಳೆಯಿತು.

ಬಾಣಾವರ ದಾಟಿ ಜಾವಗಲ್ಲಿನ ದಾರಿ ಹಿಡಿದೆವು. ಎರಡು ಕಡೆಯೂ ತೆಂಗಿನ ತೋಟ, ರಾಗಿಯ ಕೂಳೆ, ದೂರದಲ್ಲಿ ಮಂಜಿನಿಂದ ತಲೆಯೆತ್ತುವ ಬೋಳು ಗುಡ್ಡಗಳು. ಕೆನಡಾದ ಮಾತಿನ ಎಳೆ ಹಿಡಿದು ನಾನು ಮಿಲ್ಟ್ರಿಯಣ್ಣನವರನ್ನು ಕೇಳಿದೆ: “ನಮ್ಮ ದೇಶದಲ್ಲೂ ಹಿಮ ಬೀಳುವ ಸೀಮೆಯುಂಟಲ್ಲ, ಅಲ್ಲಿ ಲಾರಿಗಳನ್ನು ಹೇಗೆ ಎಬ್ಬಿಸುತ್ತಾರೆ?”

ಅವರು ಎಂಬತ್ತರ ದಶಕದಲ್ಲಿ ಲಡಾಖಿನ ಡ್ರಾಸ್, ಕಾರ್ಗಿಲ್, ಲೇಹ್‌ಗಳಲ್ಲಿ ಶಕ್ತಿಮಾನ್ ಲಾರಿ ನಡೆಸಿದವರು. ಜೋಜಿ ಲಾ ಕಣಿವೆ ಹಿಮದಿಂದ ಮುಚ್ಚಿಹೋದ ಮೇಲೆ ಒಳಗಿರುವ ಲಾರಿಗಳೇ ಅಲ್ಲಿಯ ಪಡೆಗಳಿಗೆ ಕಾಲು. ಡ್ರಾಸಿನಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವುದು ಚಳಿಗಾಲದ ಸಾಮಾನ್ಯ ಸಂಗತಿ. “ಎಂಜಿನ್ನು ಎಬ್ಬಿಸೋ ಕೆಲಸ ಬೆಳಿಗ್ಗೆಯದಲ್ಲ, ಬುದ್ಧಿ. ಅದು ಹಿಂದಿನ ಸಂಜೆಯೇ ಶುರುವಾಗ್ತದೆ” ಎಂದು ಅವರು ಪೀಠಿಕೆ ಹಾಕಿದರು.

ಅವರ ಮಾತನ್ನು ಕ್ರಮಪಡಿಸಿ ಹೇಳುವುದಾದರೆ, ಚಳಿಯಲ್ಲಿ ಡೀಸೆಲ್ ಎಂಜಿನ್ನಿಗೆ ನಾಲ್ಕು ವಿಘ್ನಗಳು. ಮೊದಲನೆಯದು, ಕಿಡಿಯಿಲ್ಲದಿರುವುದು. ಪೆಟ್ರೋಲ್ ಎಂಜಿನ್ನಿನಲ್ಲಿ ವಿದ್ಯುತ್ ಕಿಡಿ ಇಂಧನವನ್ನು ಹೊತ್ತಿಸುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನ ಗಾಳಿಯನ್ನು ಹದಿನಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿಗೂ ಮಿಕ್ಕಿ ಕಾಯುತ್ತದೆ, ಆ ಕಾವಿಗೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಸುತ್ತಲಿನ ಕಬ್ಬಿಣ ಹಿಮದಂತಿದ್ದರೆ ಆ ಕಾವನ್ನು ಅದೇ ಹೀರಿಬಿಡುತ್ತದೆ. ಎರಡನೆಯದು, ಚೇಂಬರಿನ ಎಣ್ಣೆ ಪಾಕದಂತೆ ಗಟ್ಟಿಯಾಗಿ ಎಂಜಿನ್ನು ತಿರುಗದಂತೆ ಹಿಡಿಯುವುದು. ಮೂರನೆಯದು, ಬ್ಯಾಟರಿಯ ನಿತ್ರಾಣ; ಸೊನ್ನೆಗಿಂತ 18 ಡಿಗ್ರಿ ಕೆಳಗೆ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹೆಚ್ಚು ಬಲ ಬೇಕಾದ ಹೊತ್ತಿಗೇ ಅದು ಸೋಲುತ್ತದೆ. ನಾಲ್ಕನೆಯದು, ಡೀಸೆಲ್ಲಿನೊಳಗಿನ ಮೇಣ. ಅಜ್ಜಿಯ ಕೊಬ್ಬರಿ ಎಣ್ಣೆಯ ಹಾಗೆಯೇ ಡೀಸೆಲ್ಲೂ ಚಳಿಗೆ ಮಬ್ಬಾಗಿ, ಮೇಣದ ಹರಳು ಕಟ್ಟಿ, ಫಿಲ್ಟರನ್ನು ಮುಚ್ಚುತ್ತದೆ.

ಬ್ಲಾಕ್ ಹೀಟರ್ ಪರಿಹರಿಸುವುದು ಮುಖ್ಯವಾಗಿ ಮೊದಲೆರಡು ವಿಘ್ನಗಳನ್ನು. ಡ್ರಾಸಿನ ಬಯಲಿನಲ್ಲಿ ಲಾರಿಗೆ ತಂತಿ ಸಿಕ್ಕಿಸಲು ವಿದ್ಯುತ್ ಎಲ್ಲಿಯದು? ಆದ್ದರಿಂದ ಅಲ್ಲಿಯವರು ಕಂಡುಕೊಂಡ ದಾರಿಗಳೇ ಬೇರೆ. ಲಾರಿಯನ್ನು ಇಳಿಜಾರಿಗೆ ಮುಖಮಾಡಿ ನಿಲ್ಲಿಸುವುದು. ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳದಂತೆ ರೇಡಿಯೇಟರಿನ ನೀರನ್ನು ಇಳಿಸಿಬಿಡುವುದು, ಇಲ್ಲವೇ ಹೆಪ್ಪುಗಟ್ಟದ ದ್ರವವನ್ನು ಬೆರೆಸುವುದು. ಬ್ಯಾಟರಿಯನ್ನು ಬಿಚ್ಚಿ ಬುಖಾರಿ ಒಲೆಯಿರುವ ಕೋಣೆಯೊಳಗೆ ಒಯ್ದಿಡುವುದು. ತುರ್ತಿನ ಲಾರಿಯಾದರೆ ಪಾಳಿಯ ಮೇಲೆ ಎದ್ದು ಎರಡೆರಡು ಗಂಟೆಗೊಮ್ಮೆ ಎಂಜಿನ್ನು ನಡೆಸುವುದು. ಬೆಳಿಗ್ಗೆ ಎಣ್ಣೆಯ ಚೇಂಬರಿನ ಕೆಳಗೆ ಸ್ಟೌವಿನ ಉರಿ ಹಿಡಿಯುವುದು. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವ ರೂಢಿಯೂ ಆ ಸೀಮೆಯ ಚಾಲಕರಲ್ಲಿತ್ತು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಪಾಣಿಪತ್ ಶುದ್ಧೀಕರಣಾಗಾರದಲ್ಲಿ ತಯಾರಿಸಿದ ಚಳಿಗಾಲದ ಡೀಸೆಲ್ಲನ್ನು ಲಡಾಖಿಗೆ ಕಳುಹಿಸಲಾರಂಭಿಸಿತು. ಅದು ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯುವ ಗುಣ ಬಿಡದು. ವಿದ್ಯುತ್ತಿಲ್ಲದ ಕಡೆ ಲಾರಿಯ ಡೀಸೆಲ್ಲನ್ನೇ ಸ್ವಲ್ಪ ಉರಿಸಿ ಬ್ಲಾಕಿನ ದ್ರವವನ್ನು ಕಾಯಿಸುವ ಹೀಟರುಗಳೂ ಈಗ ಉಂಟು.

“ಉರಿ ಹಿಡಿಯುವುದು ಅಪಾಯವಲ್ಲವೇ?” ಎಂದೆ. “ಅಪಾಯವೇ. ಆದರೆ ಅಲ್ಲಿ ಒಬ್ಬ ಉರಿ ಹಿಡಿದರೆ ಇನ್ನೊಬ್ಬ ಮರಳಿನ ಬಕೆಟ್ಟು ಹಿಡಿದು ನಿಂತಿರಬೇಕು. ಅದು ಆಜ್ಞೆ” ಎಂದರು. ಆಮೇಲೆ ಹಳೇಬೀಡು ಬರುವವರೆಗೂ ಅವರು ಮಾತನಾಡಲಿಲ್ಲ.

ಹಳೇಬೀಡು ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರ. ಇಲ್ಲಿಯ ಹೊಯ್ಸಳೇಶ್ವರ ದೇವಾಲಯದ ಕೆಲಸ ಕ್ರಿ.ಶ. 1121ರ ಸುಮಾರಿಗೆ ಮೊದಲಾಯಿತೆನ್ನುತ್ತಾರೆ. 1311ರಲ್ಲಿ ಮಲಿಕ್ ಕಾಫರನ ದಂಡು ಈ ನಗರದ ಮೇಲೆ ಬಂದಿತು. ಆ ಶತಮಾನದಲ್ಲೇ ಇಲ್ಲಿಯ ವೈಭವ ಅಳಿಯಿತು. ಬೇಲೂರು, ಸೋಮನಾಥಪುರಗಳ ದೇವಾಲಯಗಳೊಡನೆ ಇದು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವುದು ನಮ್ಮ ನಾಡಿಗೆ ಸಂದ ಗೌರವ. ಗೋಡೆಯ ತಳದ ಪಟ್ಟಿಯಲ್ಲಿ ಆನೆಗಳ ಸಾಲು; ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣಕಥೆ, ಎಲ್ಲಕ್ಕೂ ಮೇಲೆ ದೇವತೆಗಳು. ಎಲ್ಲರ ಭಾರವನ್ನೂ ಹೊತ್ತಿರುವುದು ಕೆಳಗಿನ ಆನೆಗಳು. ನೋಡುವವರ ಕಣ್ಣು ಮಾತ್ರ ಮೇಲಿನ ದೇವತೆಗಳ ಒಡವೆಗಳ ಮೇಲೆಯೇ ನಿಲ್ಲುತ್ತದೆ.

ಬಿಸಿಲು ಏರಿದ ಮೇಲೆ ನಂದಿಮಂಟಪದ ನೆರಳಿನಲ್ಲಿ ಕುಳಿತೆವು. ಬುತ್ತಿಯ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಬಿಚ್ಚಿದಾಗ ಮಿಲ್ಟ್ರಿಯಣ್ಣನವರು ತಾವಾಗಿಯೇ ಹಿಂದಿನ ಮಾತನ್ನು ಎತ್ತಿಕೊಂಡರು. ಅವರ ನುಡಿಯಲ್ಲೇ ಕೊಡುತ್ತೇನೆ.

“ಸೈನ್ಯದಲ್ಲಿ ಹದಿನೈದು ವರ್ಷ, ಅಂಥ ಚಳಿಯಲ್ಲಿ, ನನ್ನ ಜೊತೆಯವರು ಒಬ್ಬರೂ ಚಳಿಗೆ ಸಾಯಲಿಲ್ಲ ಬುದ್ಧಿ. ಸತ್ತಿದ್ದು ಇಲ್ಲಿಯ ಹುಡುಗ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಕೊಬ್ಬರಿ ತುಂಬಿಕೊಂಡು ದೆಹಲಿ ಕಡೆ ಹೋಗಿದ್ದೆವು. ಕ್ಲೀನರ್ ಹುಡುಗ ನಮ್ಮ ಪಕ್ಕದ ಹಳ್ಳಿಯವನು, ಹತ್ತೊಂಬತ್ತು ವಯಸ್ಸು, ಮೊದಲನೇ ಸಲ ಆ ಕಡೆ ಬಂದವನು. ಜನವರಿ ತಿಂಗಳು, ಮೊಳ ದೂರ ಕಾಣದಂಥ ಮಂಜು. ಧಾಬಾ ಹತ್ತಿರ ಗಾಡಿ ಹಾಕಿದೆವು. ಬೆಳಿಗ್ಗೆ ಎಂಜಿನ್ನು ಏಳಬೇಕಲ್ಲ, ಬ್ಯಾಟರಿ ಬೇರೆ ಹಳೆಯದು. ಇದ್ದ ಒಳ್ಳೇ ರಜಾಯಿ ತೆಗೆದು ಬಾನೆಟ್ಟಿಗೆ ಹೊದಿಸಿದೆ. ನಾನು ಧಾಬಾದ ಒಳಗೆ ಮಂಚದ ಮೇಲೆ ಮಲಗಿದೆ. ಅವನು ಸರಕು ಕಾಯೋದಕ್ಕೆ ಕ್ಯಾಬಿನ್ನಿನಲ್ಲಿ ಉಳಿದ. ಚಳಿ ತಡೆಯಲಾರದೆ ಯಾರದೋ ಇದ್ದಿಲ ಅಗ್ಗಿಷ್ಟಿಕೆ ಒಳಗೆ ಇಟ್ಟುಕೊಂಡು, ಗಾಜೆಲ್ಲ ಏರಿಸಿ ಮಲಗಿದ್ದಾನೆ. ಬೆಳಿಗ್ಗೆ ಗಾಡಿ ಒಂದೇ ಸಲಕ್ಕೆ ಎದ್ದಿತು. ಹುಡುಗ ಏಳಲಿಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: “ಅವನ ತಾಯಿ ನನ್ನನ್ನು ಬೈಯಲಿಲ್ಲ. ‘ಅಣ್ಣಾ, ಅವನಿಗೆ ಹೊದೆಯೋಕೆ ಏನಿತ್ತು?’ ಅಂತ ಒಂದೇ ಮಾತು ಕೇಳಿದಳು. ನಾನು ಏನು ಹೇಳಲಿ? ರಜಾಯಿ ಎಂಜಿನ್ನಿನ ಮೇಲಿತ್ತು.”

ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ಸಮಾಧಾನದ ಮಾತು ಹೇಳಬೇಕಾದವನು ನಾನು. ನನಗೆ ಒಂದೂ ತೋಚಲಿಲ್ಲ.

ವಾಚಕರು ಇಲ್ಲಿ ತುಸು ನಿಂತು ಕೇಳಬೇಕು. ಇದ್ದಿಲಾಗಲಿ ಸೌದೆಯಾಗಲಿ ಡೀಸೆಲ್ಲಾಗಲಿ, ಗಾಳಿ ಸಾಲದ ಕಡೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಪ್ರಾಣವಾಯುವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಿಗಿಯಿಂದ ಈ ಅನಿಲವನ್ನು ಹಿಡಿದುಕೊಂಡುಬಿಡುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ತೋರಬಹುದು. ನಿದ್ರಿಸುವವರಿಗೆ ಸೂಚನೆಯೇ ಸಿಗುವುದಿಲ್ಲ. ಹೊಗೆ ಕಾಣದ ನಿಗಿನಿಗಿ ಕೆಂಡವೂ ಇದನ್ನು ಬಿಡುತ್ತಿರುತ್ತದೆ. ಇದು ಲಾರಿಯವರ ಮಾತು ಮಾತ್ರವೆಂದು ತಿಳಿಯಬಾರದು. ನಮ್ಮ ಮನೆಗಳಲ್ಲಿ ಬಾಣಂತಿ, ಮಗುವಿಗೆ ಬೆಚ್ಚಗಿರಲೆಂದು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡ ಇಡುವ ರೂಢಿ ಪೂರ್ತಿ ಹೋಗಿಲ್ಲ. ಪ್ರೀತಿಯಿಂದ ಮಾಡುವ ಕೆಲಸವೇ ಪ್ರಾಣಕ್ಕೆ ಎರವಾಗಬಹುದು. ಕೆಂಡ ಇರುವ ಕೋಣೆಯಲ್ಲಿ ಯಾರೂ ಮಲಗಕೂಡದು. ಮಲಗುವ ಮೊದಲು ಅದನ್ನು ಹೊರಗೆ ಒಯ್ಯಬೇಕು. ಕೆನಡಾದಂಥ ದೇಶದಲ್ಲಿರುವ ನಮ್ಮ ಮಕ್ಕಳೂ ಅಷ್ಟೇ, ಮುಚ್ಚಿದ ಶೆಡ್ಡಿನೊಳಗೆ ಕಾರನ್ನು ಬೆಚ್ಚಗಾಗಲೆಂದು ನಡೆಸುತ್ತ ಬಿಡಬಾರದು. ತಂತಿಯ ಬ್ಲಾಕ್ ಹೀಟರಿನ ಒಂದು ದೊಡ್ಡ ಗುಣವೆಂದರೆ ಅದು ಉರಿಯಿಲ್ಲದೆ, ಹೊಗೆಯಿಲ್ಲದೆ ಕಾವು ಕೊಡುತ್ತದೆ.

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರು. ಬಯಲು ಸೀಮೆಯ ತೆಂಗು ಹಿಂದೆ ಸರಿದು, ಮಲೆನಾಡಿನ ಹಸಿರು ಎದುರುಗೊಳ್ಳುತ್ತದೆ. ಯಗಚಿಯ ದಡದ ಈ ಊರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯನ್ನು ಸಂಜೆಯ ಬೆಳಕಿನಲ್ಲಿ ಕಂಡೆವು. ಅದರ ಮದನಿಕೆಯರ ಸೊಬಗನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಅದನ್ನು ಮತ್ತೆ ಹೇಳುವುದಿಲ್ಲ. ಕಾಫಿ ಕೊಯ್ಲಿನ ಕಾಲವಾದ್ದರಿಂದ ದಾರಿಯಲ್ಲಿ ಆಳುಗಳನ್ನು ತುಂಬಿಕೊಂಡ ಜೀಪುಗಳು ತೋಟಗಳಿಂದ ಮರಳುತ್ತಿದ್ದವು. ಹೊತ್ತು ಮುಳುಗುತ್ತಲೇ ಅರಸೀಕೆರೆಗಿಂತ ಹರಿತವಾದ ಚಳಿ ಇಳಿಯಿತು.

ರಾತ್ರಿಗೆ ಪರಿಚಿತರ ಮನೆಯಲ್ಲಿ ನನಗೆ ಹಾಸಿಗೆ ಸಿದ್ಧವಾಗಿತ್ತು. ಮಿಲ್ಟ್ರಿಯಣ್ಣನವರು ಜೀಪನ್ನು ಬೀದಿಯ ಇಳಿಜಾರಿಗೆ ಮುಖಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ಟಿಗೆ ಗೋಣಿತಾಟು ಹೊದಿಸಿದರು. ಆಮೇಲೆ ತಮ್ಮ ಟವಲನ್ನು ತಲೆಗೆ ಸುತ್ತಿಕೊಂಡು ಜೀಪಿನ ಹಿಂದಿನ ಸೀಟಿಗೆ ಹತ್ತಲು ಹೊರಟರು. ಅದು ಅವರ ಅಭ್ಯಾಸ. ಎಲ್ಲ ಚಾಲಕರ ಅಭ್ಯಾಸ. ನಲವತ್ತು ವರ್ಷಗಳಿಂದ ಊರೂರು ತಿರುಗಿದ ನಾನು, ನನ್ನನ್ನು ಕರೆತಂದ ಚಾಲಕ ರಾತ್ರಿ ಎಲ್ಲಿ ಮಲಗಿದನೆಂದು ಒಂದು ದಿನವೂ ಕೇಳಿದವನಲ್ಲವೆಂಬುದು ಆಗ ನೆನಪಾಗಿ ನಾಚಿಕೆಯಾಯಿತು.

ಮನೆಯ ತಾಯಿಗೆ ಹೇಳಿದೆ. ಆಕೆ ಎರಡನೆಯ ಮಾತಿಲ್ಲದೆ ನಡುಮನೆಯಲ್ಲಿ ಚಾಪೆ ಹಾಸಿ, ಎರಡು ಕಂಬಳಿ ತಂದಿಟ್ಟರು. “ನನಗ್ಯಾಕೆ ಬುದ್ಧಿ, ಗಾಡಿಯಲ್ಲೇ ಅಭ್ಯಾಸ” ಎಂದು ಅವರು ಸಂಕೋಚಪಟ್ಟರು. “ಗಾಡಿಗೆ ನೀವು ಹೊದಿಸಿದಿರಿ. ನಿಮಗೆ ಹೊದಿಸುವುದು ಕೂತು ಬಂದವನ ಕೆಲಸ” ಎಂದೆ. ಅವರು ಮತ್ತೇನೂ ಹೇಳದೆ ಒಳಗೆ ಬಂದರು.

ಬೆಳಿಗ್ಗೆ ಆರಕ್ಕೆ ಕಲ್ಲು ತೆಗೆದು ಜೀಪನ್ನು ನಾಲ್ಕು ಮಾರು ಉರುಳಿಸುವಷ್ಟರಲ್ಲಿ ಎಂಜಿನ್ನು ಎದ್ದಿತು. ಬಿಸಿನೀರು ಬೇಕಾಗಲಿಲ್ಲ.

ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಲಾರಿ, ಜೀಪುಗಳಿವೆ. ಎಷ್ಟೋ ಮನೆಗಳ ಮಕ್ಕಳು ಅವುಗಳ ಮೇಲೆ ದುಡಿಯುತ್ತಿದ್ದಾರೆ. ಕಾಯಕದ ಹಿರಿಮೆಯನ್ನು ಕೇಳುತ್ತ ಬೆಳೆದವರು ನಾವು. ಉತ್ತರದ ಕಡೆ ಗಾಡಿ ಕಳುಹಿಸುವ ಮಾಲೀಕರು ಬ್ಯಾಟರಿ, ಹೀಟರ್ ಪ್ಲಗ್, ಹೆಪ್ಪುಗಟ್ಟದ ದ್ರವ ಇವುಗಳನ್ನು ನೋಡಿಸುವಾಗ ಚಾಲಕನಿಗೂ ಕ್ಲೀನರಿಗೂ ಒಂದೊಂದು ದಪ್ಪ ರಜಾಯಿಯನ್ನು, ಬೇರೆಬೇರೆಯಾಗಿ, ಗಾಡಿಯಲ್ಲಿ ಇರಿಸಲಿ. ಕ್ಯಾಬಿನ್ನಿನೊಳಗೆ ಕೆಂಡ ಕೂಡದೆಂದು ಹೊರಡುವ ದಿನವೇ ಹೇಳಿ ಕಳುಹಿಸಲಿ. ಯಾತ್ರೆಗೆ ಹೋಗುವ ಕುಟುಂಬಗಳು ತಮಗೆ ಕೋಣೆ ಹಿಡಿಯುವಾಗ ಚಾಲಕನ ಹಾಸಿಗೆಯನ್ನೂ ವಿಚಾರಿಸಲಿ. ಅರಸೀಕೆರೆಯ ಆ ತಾಯಿ ಕೇಳಿದ ಪ್ರಶ್ನೆಯನ್ನು ಇನ್ನೊಬ್ಬ ತಾಯಿ ಕೇಳುವಂತಾಗದಿರಲಿ.